ಒಂದು ಮನೆ, ಇಬ್ಬರು ಯಜಮಾನರು

ಮಲಗುವ ಕೋಣೆಯಲ್ಲಿ ವೈಫೈ ಸಿಗುತ್ತಿರಲಿಲ್ಲ. ಅದಕ್ಕೆ ಮೂರು ಮೆಶ್ ಡಬ್ಬಿಗಳನ್ನು, ಅಂದರೆ ಒಂದರಿಂದೊಂದಕ್ಕೆ ದಾಟಿಸುತ್ತಾ ಮನೆಯಿಡೀ ವೈಫೈ ಹರಡುವ ರೌಟರ್‌ಗಳನ್ನು, ತಂದೆ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಎಸಿ1200 ಅಂತ ಇತ್ತು. ಆ 1200 ಎಲ್ಲಿಂದ ಬಂತು ಗೊತ್ತಾ? ವೈಫೈ ಓಡುವುದು ಎರಡು ಅಲೆಗಳಲ್ಲಿ: 2.4 ಗಿಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 300 ಮೆಗಾಬಿಟ್ ವೇಗ, 5 ಗಿಗಾಹರ್ಟ್ಸ್‌ನಲ್ಲಿ 867. ಎರಡನ್ನೂ ಕೂಡಿಸಿ, ಕೊರತೆ ಬಿದ್ದ ಚಿಲ್ಲರೆಯನ್ನು ಅವರೇ ತುಂಬಿಕೊಂಡಿದ್ದಾರೆ. ಫೋನು ಒಂದು ಸಲಕ್ಕೆ ಒಂದರಲ್ಲೇ ಓಡುವುದು. ಗಂಡ ಐದಡಿ, ಹೆಂಡತಿ ಐದಡಿ, ಆದ್ದರಿಂದ ಈ ದಂಪತಿ ಹತ್ತಡಿ ಎತ್ತರ ಅಂದ ಹಾಗೆ. ಸಾಲದ್ದಕ್ಕೆ ಡಬ್ಬಿಗಳು ತಮ್ಮತಮ್ಮೊಳಗೆ ಮಾತಾಡುವುದೂ ಅದೇ ಗಾಳಿಯಲ್ಲೇ. ಅವುಗಳ ಹರಟೆ ಮುಗಿದು ಉಳಿದದ್ದು ನಮಗೆ.

ಐದೇ ನಿಮಿಷದಲ್ಲಿ ಸೆಟಪ್ ಮುಗಿಯಿತು. ಆಪ್‌ನಲ್ಲಿ ಹಸಿರು ಟಿಕ್ ಬಂತು. ಆದರೆ ಹೊಸ ಯಜಮಾನ ಬಂದಿರುವ ವಿಷಯವನ್ನು ಹಳೆಯ ಮೋಡೆಮ್ ರೌಟರ್‌ಗೆ ಯಾರೂ ಹೇಳಿರಲಿಲ್ಲ. ಅದು ಎಂದಿನಂತೆ ಬಂದವರಿಗೆಲ್ಲ 192.168 ಅಂತ ಶುರುವಾಗುವ ವಿಳಾಸ ಹಂಚುತ್ತಿತ್ತು. ಹೊಸದೂ ತನ್ನದೇ 192.168 ಹಂಚತೊಡಗಿತು. ಈಗ ಪ್ರತಿ ಪತ್ರಕ್ಕೂ ಎರಡು ಮೇಜು, ಎರಡು ಮೊಹರು. ಹೀಗೆ ದಾರಿಯಲ್ಲಿ ಎರಡೆರಡು ಸಲ ವಿಳಾಸ ಬದಲಾಗುವುದಕ್ಕೆ ಡಬಲ್ ನ್ಯಾಟ್ ಅನ್ನುತ್ತಾರೆ. ಸುಮ್ನೆ ಸುದ್ದಿ ಓದುವವರಿಗೆ ಇದು ಗೊತ್ತೇ ಆಗುವುದಿಲ್ಲ. ಹಳೆಯ ಯಜಮಾನನ ಕೈಕೆಳಗೆ ಪ್ರಿಂಟರ್, ಹೊಸಬನ ಕೈಕೆಳಗೆ ಫೋನು. ಒಂದೇ ಮೇಜಿನ ಮೇಲೆ ಪಕ್ಕಪಕ್ಕ ಕೂತಿದ್ದರೂ ಒಂದಕ್ಕೊಂದು ಪರಿಚಯವಿಲ್ಲ. ಆಪ್‌ನಲ್ಲಿ ಮಾತ್ರ ಅದೇ ಹಸಿರು ಟಿಕ್.

ಒಬ್ಬರನ್ನು ನಿವೃತ್ತಿ ಮಾಡಿಸಿದರೆ ಆಯಿತು, ಅಲ್ವಾ? ಮೋಡೆಮ್ ಅನ್ನು ಬ್ರಿಡ್ಜ್ ಮೋಡ್‌ಗೆ ಹಾಕಿದರೆ ಅದು ವಿಳಾಸ ಹಂಚುವುದನ್ನು ಬಿಟ್ಟು ಬರೀ ಬಾಗಿಲು ಕಾಯುತ್ತದೆ. ಆದರೆ ಅದರ ಅಡ್ಮಿನ್ ಪಾಸ್‌ವರ್ಡ್ ಇಂಟರ್ನೆಟ್ ಕೊಡುವವರ ಹತ್ತಿರ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಫೋನ್ ಮಾಡಿದರೆ, "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸರ್." ಮಾಡಿದೆ. "ಈಗ ದೀಪ ಉರಿಯುತ್ತಿದೆಯಾ?" ಉರಿಯುತ್ತಿದೆ. "ಹಾಗಾದರೆ ನಮ್ಮದು ಸರಿಯಿದೆ." ಮೆಶ್‌ನವರೂ ಅದನ್ನೇ ಹೇಳಿದರು. ಇಬ್ಬರದೂ ಸರಿಯಿದೆ. ಕೆಟ್ಟಿರುವುದು ನಾನೊಬ್ಬನೇ.

ಕೊನೆಗೆ ಮೆಶ್ ಅನ್ನೇ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಇಳಿಸಿದೆ. ಅಂದರೆ ಅದು ಬರೀ ವೈಫೈ ಹರಡುತ್ತದೆ, ವಿಳಾಸ ಹಂಚುವುದು ಹಳೆಯದೇ. ಆ ಸ್ವಿಚ್ಚು ಮೆನುವಿನೊಳಗಿನ ಮೆನುವಿನೊಳಗಿನ ಮೆನುವಿನಲ್ಲಿತ್ತು. ಅಧಿಕಾರ ಬಿಡು ಅಂದರೆ ಯಾರು ತಾನೇ ಖುಷಿಯಿಂದ ಬಿಡುತ್ತಾರೆ? ಮಕ್ಕಳ ಇಂಟರ್ನೆಟ್‌ಗೆ ಹಾಕುವ ಕಡಿವಾಣ ಹೋಗುತ್ತದೆ, ಅದು ಹೋಗುತ್ತದೆ, ಇದು ಹೋಗುತ್ತದೆ ಅಂತ ಆಪ್ ಹೆದರಿಸಿತು. ಹೋಗಲಿ ಅಂದೆ. ಪ್ರಿಂಟರ್ ಮತ್ತು ಫೋನು ಮೊದಲ ಸಲ ಮುಖ ನೋಡಿಕೊಂಡವು.

ಆದರೆ ಹಳೆಯದರ ವೈಫೈ ಇನ್ನೂ ಆನ್ ಇದೆ. ಆರಿಸೋಣ ಅಂದರೆ ಮತ್ತೆ ಅದೇ ಪೂಜಾರಿ. ಮನೆಯ ಎಲ್ಲಾ ಯಂತ್ರಗಳಿಗೂ ಹೊಸ ಪಾಸ್‌ವರ್ಡ್ ಒತ್ತುವುದು ತಪ್ಪಲಿ ಅಂತ ಹೊಸದಕ್ಕೂ ಹಳೆಯದರ ಹೆಸರು, ಪಾಸ್‌ವರ್ಡನ್ನೇ ಇಟ್ಟಿದ್ದೆ. ಜಾಣತನ ಜಾಸ್ತಿಯಾಯಿತು. ಯಾರ ಕೈ ಹಿಡಿಯಬೇಕು ಅನ್ನುವುದನ್ನು ತೀರ್ಮಾನಿಸುವುದು ಫೋನು. ಅದಕ್ಕೆ ಹಳೆಯ ಸಂಬಂಧ ಬಿಡಲು ಮನಸ್ಸಿಲ್ಲ.

ಈಗ ಮಲಗುವ ಕೋಣೆಯಲ್ಲಿ ಹೊಸ ಡಬ್ಬಿ ಕೈಗೆಟುಕುವ ದೂರದಲ್ಲಿ ಮಿನುಗುತ್ತಿದೆ. ಫೋನು ಎರಡು ಗೋಡೆಯಾಚೆಯ ಹಳೆಯ ಮೋಡೆಮ್‌ಗೆ ಜೋತುಬಿದ್ದಿದೆ. ಸಿಗ್ನಲ್ ಒಂದೇ ಗೀಟು, ಮೊದಲಿನಷ್ಟೇ. ಆಪ್ ಹಸಿರು ಟಿಕ್ ತೋರಿಸಿ ಕೇಳುತ್ತಿದೆ: ಇನ್ನೊಂದು ಡಬ್ಬಿ ಸೇರಿಸೋಣವೇ?