ಇಪ್ಪತ್ತು ಎಲೆಯ ಕಿಚ್ಚು

ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲದ ರಾಯಚೂರಿನಲ್ಲಿ ಕುಳಿತುಕೊಂಡು, ಫೋನಿನ ಆಟದಲ್ಲಿಯೂ ಬೆಂಕಿಯ ಪಕ್ಷವನ್ನೇ ಹಿಡಿಯುವವನ ಬುದ್ಧಿಯನ್ನು ಯಾರಾದರೂ ಶಂಕಿಸಿದರೆ ಅವರ ಮೇಲೆ ಸಿಟ್ಟಾಗುವಂತಿಲ್ಲ. 2024ರ ಅಕ್ಟೋಬರ್ 30ರಂದು ಬಿಡುಗಡೆಯಾದ ‘ಪೋಕೆಮಾನ್ ಟಿಸಿಜಿ ಪಾಕೆಟ್’ ಎಂಬ ಕಾರ್ಡಿನಾಟದಲ್ಲಿ ನೀರಿನ ಪಂಗಡವಿದೆ, ಹುಲ್ಲಿನದಿದೆ, ಮಿಂಚಿನದಿದೆ. ತಂಪಾಗಿರಬೇಕೆನ್ನುವವರಿಗೆ ಹಿಮಪಕ್ಷಿಯೂ ಇದೆ. ಅವೆಲ್ಲವನ್ನೂ ಬಿಟ್ಟು ನಾನು ಚಾರಿಜಾರ್ಡ್ ಎಂಬ ಬೆಂಕಿಯುಗುಳುವ ರೆಕ್ಕೆಪ್ರಾಣಿಯ ಬೆನ್ನು ಹತ್ತಿದೆ. ಸಂಜೆ ಬಿಸಿಲಿಳಿದ ಮೇಲೆ ಮಾಳಿಗೆಗೆ ನೀರು ಹೊಡೆದು, ಅದು ಹಬೆಯಾಗಿ ಹೋಗುವವರೆಗೆ ಕಾದು, ಚಾಪೆ ಹಾಸಿಕೊಂಡು, ತಂಗಿಯ ಮಗನೊಡನೆ ಡೆಕ್, ಅಂದರೆ ಆಡಲು ಆಯ್ದ ಕಾರ್ಡುಗಳ ಕಂತೆ, ಕಟ್ಟುವ ಚರ್ಚೆಗೆ ಕೂಡುವುದು ಈಗ ನಮ್ಮ ಮನೆಯ ರೂಢಿ. ಜೊತೆಗೆ ಮಂಡಾಳು ಒಗ್ಗರಣೆ, ಮಿರ್ಚಿ ಬಂದರೆ ಫೋನಿನ ಗಾಜಿನ ಮೇಲೆ ಎಣ್ಣೆಯ ಹೆಬ್ಬೆಟ್ಟು ಮೂಡುತ್ತದೆ, ಅಷ್ಟೇ.

ಈ ಆಟದ ಡೆಕ್ಕಿನಲ್ಲಿ ಇರುವುದು 20 ಕಾರ್ಡು ಮಾತ್ರ. 1996ರಲ್ಲಿ ಜಪಾನಿನಲ್ಲಿ ಹುಟ್ಟಿದ ಕಾಗದದ ಮೂಲ ಆಟದ ಡೆಕ್ಕು 60 ಕಾರ್ಡುಗಳದ್ದು, ಅದರಲ್ಲಿ ಎನರ್ಜಿಗೂ, ಅಂದರೆ ಪ್ರಾಣಿ ಹೊಡೆಯಲು ಬೇಕಾದ ಶಕ್ತಿಗೂ, ಬೇರೆ ಕಾರ್ಡುಗಳಿರುತ್ತವೆ. ಇಲ್ಲಿ ಎನರ್ಜಿ ಪಾಳಿಗೊಂದರಂತೆ ತಾನಾಗಿ ಒದಗುತ್ತದೆ. ಒಂದೇ ಹೆಸರಿನ ಕಾರ್ಡನ್ನು ಎರಡಕ್ಕಿಂತ ಹೆಚ್ಚು ಇಡುವಂತಿಲ್ಲ. ಎದುರಾಳಿಯ ಪ್ರಾಣಿಯನ್ನು ಕೆಡವಿದರೆ ಒಂದು ಅಂಕ, ‘ಇಎಕ್ಸ್’ ಎಂಬ ಬಿರುದುಳ್ಳದ್ದನ್ನು ಕೆಡವಿದರೆ ಎರಡು. ಮೂರು ಅಂಕ ಮೊದಲು ಮುಟ್ಟಿದವನು ಗೆದ್ದ. ಸ್ಥಳ ಇಷ್ಟು ಇಕ್ಕಟ್ಟಾಗಿರುವಾಗ ಹೊಸಬರಿಗೆ ಮೊದಲು ಹೊಳೆಯುವ ಉಪಾಯವೆಂದರೆ ಇದ್ದಬದ್ದ ಬೆಂಕಿಪ್ರಾಣಿಗಳನ್ನೆಲ್ಲ ತುರುಕುವುದು. ಅಂಥ ಒಂದು ಡೆಕ್ಕನ್ನು ನೋಡಿ ಅಳಿಯ ಹೇಳಿದ್ದು ಹೀಗೆ: “ಮಾಮಾ, ಬರೇ ಬೆಂಕಿ ಮಂದೀನ ತುಂಬಿದ್ರ ಆಟ ಆಗಂಗಿಲ್ಲ. ಅವರ್ನ ಕರ್ಕೊಂಡು ಬರೋರು ಬ್ಯಾಡೇನು?”

ಅವನ ಮಾತು ಎಷ್ಟು ನಿಜವೆಂಬುದು ಚಾರಿಜಾರ್ಡ್ ಇಎಕ್ಸಿನ ಲೆಕ್ಕವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಅದರ ಎಚ್‌ಪಿ, ಅಂದರೆ ಜೀವಬಲ, 180. ಅದರ ‘ಕ್ರಿಮ್ಸನ್ ಸ್ಟಾರ್ಮ್’ ಒಂದೇ ಹೊಡೆತಕ್ಕೆ 200ರ ಪೆಟ್ಟು ಕೊಡುತ್ತದೆ. ಕೇಳಲು ಇದು ಪರಮಾಸ್ತ್ರವೇ. ಆದರೆ ಆ ಹೊಡೆತಕ್ಕೆ ನಾಲ್ಕು ಎನರ್ಜಿ ಬೇಕು, ಹೊಡೆದ ಮೇಲೆ ಅದರಲ್ಲಿ ಎರಡು ಬೆಂಕಿ ಎನರ್ಜಿಯನ್ನು ಬಿಸಾಡಬೇಕು. ಮುಂದಿನ ಪಾಳಿಗೆ ಕೈಯಲ್ಲಿರುವುದು ಮೂರೇ ಆದ್ದರಿಂದ 60ರ ಸಣ್ಣ ಏಟಿಗೆ ತೃಪ್ತಿಪಟ್ಟು, ಅದರಾಚೆಯ ಪಾಳಿಯವರೆಗೆ ದೊಡ್ಡ ಹೊಡೆತಕ್ಕೆ ಕಾಯಬೇಕು. ಸಾಲದ್ದಕ್ಕೆ ಚಾರಿಜಾರ್ಡ್ ನೇರವಾಗಿ ಅಂಗಳಕ್ಕಿಳಿಯುವುದಿಲ್ಲ. ಮೊದಲು ಚಾರ್ಮಾಂಡರ್, ಮರುಪಾಳಿಗೆ ಚಾರ್ಮೀಲಿಯನ್, ಅದರ ಮರುಪಾಳಿಗೆ ಚಾರಿಜಾರ್ಡ್ ಎಂದು ಮೆಟ್ಟಿಲೇರಿ ಬರಬೇಕು. ಈ ಮೂರರಲ್ಲಿ ಒಂದು ಕಾರ್ಡು ಡೆಕ್ಕಿನ ತಳದಲ್ಲಿ ಸಿಕ್ಕಿಕೊಂಡರೆ ಉಳಿದೆರಡು ಕೈಯಲ್ಲಿ ಕುಳಿತು ನಮ್ಮ ಮುಖವನ್ನೇ ನೋಡುತ್ತವೆ.

ನಮ್ಮ ಜಿಲ್ಲೆಯವರಿಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಎಂಟು ಘಟಕಗಳಿವೆ, ಒಟ್ಟು ಸಾಮರ್ಥ್ಯ 1720 ಮೆಗಾವ್ಯಾಟ್. ಆದರೆ ಆ ಉರಿಯ ಹಿಂದೆ ಕಲ್ಲಿದ್ದಲು ಹೊತ್ತ ಗೂಡ್ಸ್ ರೈಲುಗಳ ಸಾಲಿದೆ, ಕೃಷ್ಣೆಯಿಂದ ಎತ್ತುವ ನೀರಿದೆ. ರೈಲು ತಡವಾದರೆ ಚಿಮಣಿಯ ಎತ್ತರದಿಂದ ದೀಪ ಹತ್ತುವುದಿಲ್ಲ. ಬೆಂಕಿಯ ಡೆಕ್ಕನ್ನು ಕಟ್ಟುವವನು ಯೋಚಿಸಬೇಕಾದದ್ದೂ ಈ ಗೂಡ್ಸ್ ಗಾಡಿಯನ್ನೇ ಹೊರತು ಚಿಮಣಿಯನ್ನಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಆ ಗಾಡಿಯ ಹೆಸರು ಮೋಲ್ಟ್ರೆಸ್ ಇಎಕ್ಸ್. ಒಂದೇ ಒಂದು ಬೆಂಕಿ ಎನರ್ಜಿ ಕೊಟ್ಟು ಈ ಹಕ್ಕಿಯನ್ನು ಮುಂದೆ ನಿಲ್ಲಿಸಿದರೆ ಅದು ‘ಇನ್‌ಫರ್ನೋ ಡಾನ್ಸ್’ ಎಂಬ ಕುಣಿತ ಕುಣಿಯುತ್ತದೆ. ಮೂರು ನಾಣ್ಯಗಳು ಚಿಮ್ಮುತ್ತವೆ. ಎಷ್ಟು ಹೆಡ್ ಬಿದ್ದವೋ ಅಷ್ಟು ಬೆಂಕಿ ಎನರ್ಜಿ ಹಿಂದಿನ ಬೆಂಚಿನಲ್ಲಿ ಕುಳಿತ ಬೆಂಕಿಪ್ರಾಣಿಗಳಿಗೆ ಸೇರುತ್ತದೆ. ಮೂರು ನಾಣ್ಯಕ್ಕೆ ಎಂಟು ಸಾಧ್ಯತೆ. ಅವುಗಳಲ್ಲಿ ಒಂದರಲ್ಲಿ ಮಾತ್ರ ಕೈ ಪೂರ್ತಿ ಖಾಲಿ, ಒಂದರಲ್ಲಿ ಮೂರಕ್ಕೆ ಮೂರು, ಸರಾಸರಿ ಒಂದೂವರೆ. ಎರಡನೆಯವರಾಗಿ ಆಡುವಾಗ ಮೊದಲ ಪಾಳಿಯಲ್ಲೇ ಎನರ್ಜಿ ಸಿಗುವುದರಿಂದ ಅಂದಿನಿಂದಲೇ ಕುಣಿತ ಶುರು; ಎರಡು ಕುಣಿತದಿಂದ ಬರುವ ಮೂರು, ಪಾಳಿಗೊಂದರಂತೆ ನಾವೇ ಕೊಡುವ ಎರಡು ಸೇರಿದರೆ ಮೂರನೆಯ ಪಾಳಿಗೆ ಚಾರಿಜಾರ್ಡಿಗೆ ಬೇಕಾದ ನಾಲ್ಕು ದಾಟಿ ಒಂದು ಉಳಿಯುತ್ತದೆ. ಸರಾಸರಿಯ ಮಾತಿದು, ನಾಣ್ಯಗಳಿಗೆ ಸರಾಸರಿಯ ಪಾಠವನ್ನು ಯಾರೂ ಹೇಳಿಕೊಟ್ಟಿಲ್ಲ. ಮೂರೂ ಟೇಲ್ ಬಿದ್ದಾಗ ಅಳಿಯ ಎಬ್ಬಿಸುವ ಗದ್ದಲಕ್ಕೆ ನಮ್ಮವ್ವ ಕೆಳಗಿನಿಂದಲೇ, “ಮನಿಯಾಗ ಇಸ್ಪೀಟು ಹಚ್ಚೀರೇನು? ರೊಕ್ಕ ಇಟ್ಟಿಲ್ಲಲ್ಲ?” ಎಂದು ಕೂಗುತ್ತಾಳೆ. ಇಲ್ಲವೆಂದು ನಾವಿಬ್ಬರೂ ಒಕ್ಕೊರಲಿನಿಂದ ಹೇಳುತ್ತೇವೆ.

ರೊಕ್ಕ ಹಾಕುವ ಬಾಗಿಲನ್ನು ಆಟವೇನೋ ತೆರೆದೇ ಇಟ್ಟಿದೆ. ಪುಕ್ಕಟೆ ಆಡುವವರಿಗೆ 12 ಗಂಟೆಗೊಂದು ಪ್ಯಾಕು, ಅದರಲ್ಲಿ ಐದು ಕಾರ್ಡು. ಪ್ಯಾಕು ಒಡೆದಾಗಲೆಲ್ಲ ಐದು ಪಾಯಿಂಟು ಜಮೆಯಾಗುತ್ತದೆ, ಚಾರಿಜಾರ್ಡ್ ಇಎಕ್ಸನ್ನು ಕೊಳ್ಳಲು 500 ಪಾಯಿಂಟು ಬೇಕು. ಅಂದರೆ ಅದೃಷ್ಟ ಪೂರ್ತಿ ಮುಖ ತಿರುವಿದವನು ಆ ಕಾರ್ಡಿರುವ ಸಂಪುಟದ ಪ್ಯಾಕುಗಳನ್ನೇ ದಿನಕ್ಕೆರಡರಂತೆ 50 ದಿನ ಒಡೆದರೆ ಒಂದು ಚಾರಿಜಾರ್ಡ್ ಖಚಿತ; ಎರಡು ಬೇಕೆಂದರೆ ಒಂದು ಬೇಸಿಗೆಯೇ ಹೋಯಿತು.

ಅಷ್ಟು ತಾಳ್ಮೆಯಿಲ್ಲದವರಿಗೆ ಬ್ಲೇನ್ ಎಂಬ ಬೋಳುತಲೆಯ ಗುರುವಿನ ಡೆಕ್ಕಿದೆ, ಮತ್ತು ಅದು ಬಡವರ ಡೆಕ್ಕೆಂದು ಮೂಗು ಮುರಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ರ್‍ಯಾಪಿಡ್ಯಾಶ್ ಎಂಬ ಬೆಂಕಿಗೇಸರದ ಕುದುರೆ ಒಂದೇ ಎನರ್ಜಿಗೆ 40 ಹೊಡೆಯುತ್ತದೆ. ಬ್ಲೇನ್ ಕಾರ್ಡನ್ನು ಆಡಿದರೆ ಆ ಪಾಳಿಗೆ 30 ಕೂಡಿ 70 ಆಗುತ್ತದೆ. ನೈನ್‌ಟೇಲ್ಸ್ ಎಂಬ ನರಿ ಎರಡು ಎನರ್ಜಿಗೆ 90 ಹೊಡೆಯುವುದು ಅದೇ ಕಾರ್ಡಿನ ಬಲದಿಂದ 120ಕ್ಕೇರುತ್ತದೆ. ಇವೆರಡೂ ಒಂದೇ ಮೆಟ್ಟಿಲಿನ ಪ್ರಾಣಿಗಳು, ಯಾವುದಕ್ಕೂ ಇಎಕ್ಸ್ ಬಿರುದಿಲ್ಲ. ಆದ್ದರಿಂದ ಎದುರಾಳಿ ಮೂರನ್ನು ಕೆಡವಿದರಷ್ಟೇ ಗೆಲುವು. ನನ್ನ ಚಾರಿಜಾರ್ಡ್ ಮತ್ತು ಮೋಲ್ಟ್ರೆಸ್ ಬಿದ್ದರೆ ಎರಡಕ್ಕೇ ಆಟ ಮುಗಿಯುತ್ತದೆ. ಅಳಿಯ ಆಡುವುದು ಈ ಡೆಕ್ಕನ್ನೇ, ನಾನು ಚಾರಿಜಾರ್ಡನ್ನು ಇಂದು ಇಳಿಸಲೋ ನಾಳೆ ಇಳಿಸಲೋ ಎನ್ನುವಷ್ಟರಲ್ಲಿ ಅವನ ಕುದುರೆ ಎರಡು ಸುತ್ತು ಓಡಿ ಬಂದಿರುತ್ತದೆ.

ಬೆಂಕಿಗೆ ನೀರು ಶತ್ರುವೆಂಬುದನ್ನು ಹೇಳಬೇಕಾಗಿಲ್ಲ, ಆದರೆ ಶತ್ರುತ್ವದ ಬೆಲೆ ಇಲ್ಲಿ ಬರೀ 20. ನೀರಿನ ಸ್ಟಾರ್ಮಿ ಇಎಕ್ಸ್ ಎರಡು ಎನರ್ಜಿಗೆ 90 ಹೊಡೆಯುವುದು ಚಾರಿಜಾರ್ಡಿನ ಮೇಲೆ 110 ಆಗುತ್ತದೆ. ಒಂದು ಏಟನ್ನು ತಡೆದುಕೊಳ್ಳಬಹುದು, ಎರಡನೆಯದಕ್ಕೆ ನೆಲ ಕಚ್ಚಬೇಕು. ನಾಲ್ಕು ಎನರ್ಜಿ ಸಿದ್ಧವಿರುವ ಚಾರಿಜಾರ್ಡ್ ಮಾತ್ರ ನೀರೆಂದು ಅಂಜದೆ ಸ್ಟಾರ್ಮಿಯನ್ನು ಒಂದೇ ಹೊಡೆತಕ್ಕೆ ಮಲಗಿಸುತ್ತದೆ. ಹುಲ್ಲಿನವರ ಎದುರು ನಮಗೆ ಸಿಗುವ 20 ಹೆಚ್ಚುವರಿ, ವಿಚಿತ್ರವೆಂದರೆ, ಚಾರಿಜಾರ್ಡಿಗೆ ಉಪಯೋಗಕ್ಕೇ ಬರುವುದಿಲ್ಲ. 190 ಎಚ್‌ಪಿಯ ವೀನಸಾರ್ ಇಎಕ್ಸ್ ಹೇಗಿದ್ದರೂ 200ಕ್ಕೆ ಬೀಳುತ್ತದೆ. ಆ ಲಾಭವೆಲ್ಲ ಸಣ್ಣ ಏಟಿನ ಕುದುರೆಗೆ: 70 ಇದ್ದದ್ದು 90.

ಹೀಗೆ ಎಣಿಸುತ್ತ ಹೋದರೆ ನನ್ನ 20 ಕಾರ್ಡುಗಳಲ್ಲಿ ಪ್ರಾಣಿಗಳು ಎಂಟೇ. ಮಿಕ್ಕ ಹನ್ನೆರಡು ಕಾರ್ಡುಗಳಿಗೆ ಬೆಂಕಿಯ ಗಂಧವೂ ಇಲ್ಲ. ಎರಡು ಕಾರ್ಡು ಎಳೆಯಲು ಕೊಡುವ ಪ್ರೊಫೆಸರು, ಮೂಲಪ್ರಾಣಿಯನ್ನು ಡೆಕ್ಕಿನಿಂದ ಹೊರಗೆಳೆಯುವ ಪೋಕೆ ಬಾಲು, ಎದುರಾಳಿಯ ಮುಂಚೂಣಿಯನ್ನು ಹಿಂದಕ್ಕೆ ತಳ್ಳುವ ಸಬ್ರಿನಾ ಇಲ್ಲದೆ ಯಾವ ಡೆಕ್ಕೂ ನಡೆಯುವುದಿಲ್ಲ. ಆದರೆ ಈ ಪೈಕಿ ನನಗೆ ಪ್ರೀತಿಯದು, ಯಾರೂ ಹೊಗಳದ ‘ಎಕ್ಸ್ ಸ್ಪೀಡ್’. ಮೋಲ್ಟ್ರೆಸ್ ಕುಣಿದು ಮುಗಿಸಿದ ಮೇಲೆ ಅದನ್ನು ಹಿಂದೆ ಸರಿಸಿ ಚಾರಿಜಾರ್ಡನ್ನು ಮುಂದೆ ತರಲು ಎರಡು ಎನರ್ಜಿ ತೆರಬೇಕು, ಆದರೆ ಹಕ್ಕಿಯ ಮೈಮೇಲಿರುವುದು ಒಂದೇ. ಎಕ್ಸ್ ಸ್ಪೀಡ್ ಆ ತೆರಿಗೆಯಲ್ಲಿ ಒಂದನ್ನು ಮನ್ನಾ ಮಾಡುತ್ತದೆ. ಈ ಚೂರು ಕಾರ್ಡಿಲ್ಲದಿದ್ದರೆ ಸರ್ವಸನ್ನದ್ಧ ಚಾರಿಜಾರ್ಡು ಬೆಂಚಿನ ಮೇಲೆ ಕೈಕಟ್ಟಿ ಕುಳಿತು, ಮುಂದೆ ಹಕ್ಕಿ ಏಟು ತಿನ್ನುವುದನ್ನು ನೋಡಬೇಕಾಗುತ್ತದೆ.

2025ರಲ್ಲಿ ‘ರೇರ್ ಕ್ಯಾಂಡಿ’ ಬಂದ ಮೇಲೆ ಚಾರ್ಮಾಂಡರನ್ನು ಚಾರ್ಮೀಲಿಯನ್ನಿನ ಗೊಡವೆಯಿಲ್ಲದೆ ನೇರವಾಗಿ ಚಾರಿಜಾರ್ಡಿಗೆ ಏರಿಸಬಹುದಾಗಿದೆ. ಹಾಗಾಗಿ ಎರಡು ಮಿಠಾಯಿಗೆ ಜಾಗ ಮಾಡಲು ಏನನ್ನು ತೆಗೆಯಬೇಕೆಂಬ ವ್ಯಾಜ್ಯ ನಮ್ಮ ಮಾಳಿಗೆಯಲ್ಲಿ ನಡೆಯುತ್ತಿದೆ. 20 ಎಚ್‌ಪಿ ಮರಳಿಸುವ ‘ಪೋಶನ್’ ತೆಗೆಯೆಂದು ಅಳಿಯನ ಹಟ. ನೀರಿನವರು ಕೂಡಿಸುವ 20ನ್ನು ಅಳಿಸುವುದು ಆ ಪೋಶನ್ನೇ ಆದ್ದರಿಂದ ನಾನು ಬಿಡುವುದಿಲ್ಲ. ಏಟಿಗೆ 10 ಕೂಡಿಸುವ ಜೊವಾನಿ ಕಾರ್ಡನ್ನು ತೆಗೆಯುತ್ತೇನೆ, 200 ಹೊಡೆಯುವವನಿಗೆ ಇನ್ನು ಹತ್ತು ಯಾಕೆ ಬೇಕು? 60ರ ಸಣ್ಣ ಏಟು 70 ಆಗಬೇಕಾದ ಆಟಗಳೂ ಬರುತ್ತವೆಂದು ಅವನು ನೆನಪಿಸುತ್ತಾನೆ. ಬರುತ್ತವೆ. ಆದರೂ ಜೊವಾನಿ ಹೊರಗೆ.