ಟೆನರ್ ಬೇಕಾಗಿದ್ದಾರೆ

ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಈ ಪುಟ್ಟ ಊರಿಗೆ ಬಂದ ಹೊಸತು. ಲೈಬ್ರರಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು. ಊರಿನ ಕಾಯರ್‌ಗೆ, ಅಂದರೆ ಸೇರಿ ಹಾಡುವ ತಂಡಕ್ಕೆ, ಟೆನರ್‌ಗಳು ಬೇಕಾಗಿದ್ದಾರೆ, ಅನುಭವ ಇಲ್ಲದಿದ್ದರೂ ನಡೆಯುತ್ತದೆ ಅಂತ. ಟೆನರ್ ಅಂದರೆ ಗಂಡಸರ ಎತ್ತರದ ದನಿ. ಹವ್ಯಾಸಿ ಕಾಯರ್‌ಗಳಿಗೆಲ್ಲ ಇದೇ ಗೋಳು: ಹಾಡುವ ಹೆಂಗಸರಿಗೆ ಬರವಿಲ್ಲ, ಟೆನರ್ ಮಾತ್ರ ಸಿಗುವುದಿಲ್ಲ. ನಾನು ಕಾರವಾರದಲ್ಲಿ ಭಜನೆಗೆ ಕೂತು ಬೆಳೆದವನು. ಹಾರ್ಮೋನಿಯಂನಲ್ಲಿ ಕಪ್ಪು ಎರಡು ಹಿಡಿದರೂ ಗಂಟಲು ಕೈಕೊಡುತ್ತಿರಲಿಲ್ಲ. ಹೋದೆ. ಒಂದು ಸಾಲು ಹಾಡಿಸಿ ನೋಡಿದರು. ಹೆಸರು ಕೇಳಿದರು, ವರ್ಷದ ಚಂದಾ ಎಷ್ಟು ಅಂತ ಹೇಳಿದರು, ಚಹಾಕ್ಕೆ ಹಾಲು ಬೇಕಾ ಅಂದರು. ದೇವರ ಸುದ್ದಿ ಯಾರೂ ಎತ್ತಲಿಲ್ಲ.

ಆ ವರ್ಷ ಹಾಡಿದ್ದು ಹ್ಯಾಂಡೆಲ್ ಎಂಬ ಸಂಗೀತಗಾರ ಯೇಸುವಿನ ಮೇಲೆ ರಚಿಸಿದ ‘ಮೆಸ್ಸಾಯ’. ಎರಡು ತಾಸಿಗೂ ಜಾಸ್ತಿ, ಮೊದಲಿನಿಂದ ಕೊನೆತನಕ ಬೈಬಲ್ಲಿನ ಮಾತು. ನನ್ನ ಬಲಕ್ಕೆ ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ದೇವರಿಲ್ಲ ಅಂತ ಗಣಿತದಷ್ಟೇ ಖಚಿತವಾಗಿ ಹೇಳುವವರು. ಎಡಕ್ಕೆ ಒಬ್ಬ ಕ್ವೇಕರ್, ಕ್ರಿಶ್ಚನ್ನರಲ್ಲೇ ಒಂದು ಪಂಥದವರು. ಅವರ ಪ್ರಾರ್ಥನೆ ಎಂದರೆ ಸುಮ್ಮನೆ ಕೂರುವುದು, ಹಾಡಬೇಕೆನಿಸಿದರೆ ಇಲ್ಲಿಗೇ ಬರಬೇಕು! ಹಿಂದಿನ ಸಾಲಿನಲ್ಲಿ ಒಬ್ಬ ಯಹೂದಿ ದಂತವೈದ್ಯರು. ಈ ಕಡೆಯ ಉಣ್ಣೆ ಗಿರಣಿಗಳ ಊರುಗಳಲ್ಲಿ ಹೀಗೆ ಕಾಯರ್ ಕಟ್ಟಿ ಹಾಡುವುದು ಹಳೇ ರೂಢಿ. ಹಡರ್ಸ್‌ಫೀಲ್ಡಿನ ಕೋರಲ್ ಸೊಸೈಟಿ ಶುರುವಾದದ್ದು 1836ರಲ್ಲಿ. ಕ್ರಿಸ್ಮಸ್ ಹೊತ್ತಿಗೆ ಮೆಸ್ಸಾಯ ಹಾಡದಿದ್ದರೆ ಇಲ್ಲಿನವರಿಗೆ ಚಳಿಗಾಲ ಬಂದ ಹಾಗೇ ಅನಿಸುವುದಿಲ್ಲ.

ಈ ಕೃತಿ ಮೊದಲು ಕೇಳಿಸಿದ್ದು ಚರ್ಚಿನಲ್ಲಲ್ಲ. 1742ರ ಏಪ್ರಿಲ್ 13ರಂದು ಡಬ್ಲಿನ್ನಿನ ಒಂದು ಸಂಗೀತ ಸಭಾಂಗಣದಲ್ಲಿ. ಬಂದ ಹಣ ಆಸ್ಪತ್ರೆಗಳಿಗೆ, ಸಾಲ ತೀರಿಸಲಾಗದೆ ಜೈಲು ಸೇರಿದವರಿಗೆ. ಜಾಸ್ತಿ ಜನ ಹಿಡಿಯಲಿ ಅಂತ ಹೆಂಗಸರು ಲಂಗ ಉಬ್ಬಿಸಲು ಒಳಗೆ ಹಾಕುವ ದೊಡ್ಡ ಬಳೆ ಬಿಟ್ಟು, ಗಂಡಸರು ಕತ್ತಿ ಬಿಟ್ಟು ಬರಬೇಕು ಅಂತ ಮೊದಲೇ ಕೇಳಿಕೊಂಡಿದ್ದರು. ಮರುವರ್ಷ ಲಂಡನ್ನಿನಲ್ಲಿ ದೇವರ ಮಾತನ್ನು ನಾಟಕಶಾಲೆಯಲ್ಲಿ ಹಾಡುವುದಾ ಅಂತ ಕೆಲವರು ಸಿಡಿದರು. ಅಂತೂ ಇವರ ದೇವರ ಹಾಡು ಗುಡಿಯಿಂದ ಹೊರಬಂದು ಟಿಕೆಟ್ ಕೊಟ್ಟು ಕೇಳುವ ಸಂಗೀತವಾಯಿತು. ಈಗ ಯಾರು ಬೇಕಾದರೂ ಹಾಡಬಹುದು.

ನಮ್ಮೂರಿನ ಭಜನೆ ಗುಡಿ ಬಿಟ್ಟು ಹೊರಬರಲಿಲ್ಲ. ಹಾಗಂತ ಬೇರೆಯವರು ಹಾಡಲೇ ಇಲ್ಲವಾ?

ನನಗಾಗ ಹದಿನಾರು. ಶ್ರಾವಣದ ಭಜನಾ ಸಪ್ತಾಹ. ನಡುವೆ ದೀಪ, ಸುತ್ತ ಹಾಡುವವರು. ಏಳು ಹಗಲು ಏಳು ರಾತ್ರಿ ದೀಪ ಆರಬಾರದು, ಪದ ನಿಲ್ಲಬಾರದು. ಒಂದೊಂದು ಕೇರಿಗೆ ಒಂದೊಂದು ಪಾಳಿ. ಐದನೇ ರಾತ್ರಿ ಎಂಥ ಮಳೆ ಅಂದರೆ, ಎರಡರಿಂದ ನಾಲ್ಕರ ಪಾಳಿಯವರು ಬರಲೇ ಇಲ್ಲ. ಉಳಿದದ್ದು ನಾನು, ಹಾರ್ಮೋನಿಯಂ ಹಿಡಿದ ಒಬ್ಬ ಅಜ್ಜ, ತಬಲಾದ ಮೇಲೇ ತೂಕಡಿಸುತ್ತಿದ್ದ ಇನ್ನೊಬ್ಬ ಹುಡುಗ. ಹಿಂದಿನ ಪಾಳಿಯಲ್ಲೂ ಕೂಗಿದ್ದ ನನ್ನ ದನಿ ಮೂರು ಗಂಟೆಗೆ ಕಟ್ಟತೊಡಗಿತು.

ಮೀನುಗಾರಿಕೆ ರಜೆ ಮುಗಿದು ಬೋಟುಗಳು ಕಡಲಿಗಿಳಿದಿದ್ದವು. ನಮ್ಮ ನೆರೆಮನೆಯ ಕ್ರಿಶ್ಚನ್ ಅಣ್ಣ ಬೈತಖೋಲ ಬಂದರಿಗೆ ಹೊರಟವನು ಗುಡಿಯ ಮುಂದೆ ನಿಂತ. ಕೊಡೆ ಮಡಚಿ ಜಗಲಿಯ ಅಂಚಿಗೆ ಕೂತ. ಅಲ್ಲೇ ಬಿದ್ದಿದ್ದ ತಾಳ ಎತ್ತಿಕೊಂಡ. ‘ವಿಠ್ಠಲ ವಿಠ್ಠಲ’ ಅಂತ ಅವನ ಗಡಸು ದನಿ ನನ್ನ ದನಿಯ ಅಡಿಗೆ ಬಂದು ಕೂತಾಗ ಅಜ್ಜ ತಲೆ ಎತ್ತಿಯೂ ನೋಡಲಿಲ್ಲ. ಬೆಲ್ಲೋಸ್ ಮಾತ್ರ ಜೋರಾಯಿತು. ನಾಲ್ಕಕ್ಕೆ ಮುಂದಿನ ಪಾಳಿಯವರು ಬಂದರು. ಅವರು ಮಂಗಳಾರತಿಗೆ ಎದ್ದಾಗ ಅವನು ತಾಳ ಕೆಳಗಿಟ್ಟು ಅಂಗಳಕ್ಕಿಳಿದು ಮಳೆಯಲ್ಲೇ ನಿಂತ. ಆಮೇಲೆ ಅವಲಕ್ಕಿ ತಿಂದು, ಬೋಟು ತಪ್ಪಿತೆಂದು ಬೈದುಕೊಳ್ಳುತ್ತ ಹೋದ.

ಆ ಡಿಸೆಂಬರಿನಲ್ಲಿ ಅವನು ನಮ್ಮ ಮನೆಗೆ ಬಂದ. ಅವರ ಚರ್ಚಿನ ಕೀಬೋರ್ಡ್ ಹುಡುಗ ಕೆಲಸ ಸಿಕ್ಕಿ ಗೋವಾಕ್ಕೆ ಹೋಗಿದ್ದ. ನಾನು ಹಾರ್ಮೋನಿಯಂ ಹೊತ್ತುಕೊಂಡು ಹೋಗಿ ಕೊಂಕಣಿ ಹಾಡುಗಳಿಗೆಲ್ಲ ನುಡಿಸಿದೆ. ಮನೆಯಲ್ಲಿ ಅಮ್ಮ ಕೇಳಿದ್ದು ಒಂದೇ, ವಾಪಸ್ ಬರುವಾಗ ಎಷ್ಟು ಹೊತ್ತಾಗುತ್ತದೆ ಅಂತ.

ನಾನು ಹೇಳಬೇಕೆಂದಿರುವುದು ಇದೇ. ಬೇರೆ ಬೇರೆ ನಂಬಿಕೆಯವರನ್ನು ಒಂದೇ ಪದಕ್ಕೆ ಸೇರಿಸುವುದು ದೊಡ್ಡ ಮನಸ್ಸು ಅಲ್ಲ, ಕೊರತೆ. ಅಲ್ಲಿ ಮೂರು ಗಂಟೆ ರಾತ್ರಿಗೆ ದನಿ ಸಾಲಲಿಲ್ಲ, ಇಲ್ಲಿ ಟೆನರ್ ಸಾಲಲಿಲ್ಲ.

ಎರಡು ವರ್ಷದ ಹಿಂದೆ ರಜೆಗೆ ಊರಿಗೆ ಹೋದಾಗ ಒಂದು ಸೌಹಾರ್ದ ಸಂಗೀತ ಸಂಜೆಗೆ ಹೋಗಿದ್ದೆ. ವೇದಿಕೆಯ ಮೇಲೆ ಮೂರು ಜಮಖಾನೆ, ಮೂರು ತಂಡ, ತಲಾ ಹದಿನೈದು ನಿಮಿಷ. ಭಜನೆಯವರು ಹಾಡಿ ಚಹಾಕ್ಕೆ ಹೋದರು. ಚರ್ಚಿನವರು ಹಾಡಿ ಫೋನ್ ನೋಡತೊಡಗಿದರು. ಖವ್ವಾಲಿ ಮುಗಿಯುವಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ಒಬ್ಬರ ಹಾಡಿನ ಒಂದು ಸಾಲನ್ನು ಇನ್ನೊಬ್ಬರು ಹಾಡಲಿಲ್ಲ. ಉದ್ದೇಶ ಒಳ್ಳೆಯದೇ, ಬೈಯುವುದಿಲ್ಲ. ಆದರೆ ಮೂರು ಬಸ್ಸು ಒಂದೇ ಸ್ಟ್ಯಾಂಡಿನಲ್ಲಿ ನಿಂತರೆ ಊರು ಒಂದೇ ಆಗುತ್ತದಾ?

ನಮ್ಮ ಕರಾವಳಿಯ ಗುಮಟೆಯನ್ನೇ ನೋಡಿ. ಮಣ್ಣಿನ ಕೊಡ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ಬರಿದು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬಂದು ಈಗ ಆಡಿನದು. ಅಂಕೋಲಾ, ಕುಮಟಾದ ಹಾಲಕ್ಕಿಗಳ ಸುಗ್ಗಿಗೆ ಅದೇ, ಚೌತಿಯ ಆರತಿಗೆ ಅದೇ, ಗೋವಾದ ಕ್ರಿಶ್ಚನ್ನರ ಮಾಂಡೋ ಎಂಬ ಹಾಡು-ಕುಣಿತಕ್ಕೂ ಅದೇ. ಅದನ್ನು ಯಾರೂ ಸಭೆ ಕರೆದು ಹಂಚಲಿಲ್ಲ. ಕುಂಬಾರ ಮಾಡಿದ, ಬೇಕಾದವರು ಕೊಂಡರು.

ಬಾಗಿಲು ತೆರೆದ ಮೇಲೂ ಒಂದು ಪೇಚು ಇರುತ್ತದೆ, ಅದು ಮಾತಿನದು. ಮೊತ್ಸಾರ್ಟ್ ಎಂಬ ಸಂಗೀತಗಾರನ ಒಂದು ಮಾಸ್, ಅಂದರೆ ಚರ್ಚಿನ ಪೂಜೆಯ ಮಾತುಗಳಿಗೆ ಕಟ್ಟಿದ ಸಂಗೀತ, ಹಾಡುವಾಗ ‘ಕ್ರೇದೋ’ ಎಂಬಲ್ಲಿ ನನಗೆ ಗಂಟಲು ಹಿಡಿಯಿತು. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ನಾನು ನಂಬುತ್ತೇನೆ’. ಕಾಯರ್ ನಡೆಸುವ ನಮ್ಮ ಕಂಡಕ್ಟರ್ ನಕ್ಕು, ಅದು ಬರೀ ಸ್ವರ, ಹಾಡು ಅಂದರು. ನನಗೆ ಹಾಗನಿಸುವುದಿಲ್ಲ. ಬರೀ ಸ್ವರವಾದರೆ ಯಾರೋ ಅದಕ್ಕಾಗಿ ಜೀವ ಬಿಟ್ಟಿರುತ್ತಿರಲಿಲ್ಲ.

ಮುಂದೊಂದು ವರ್ಷ ಬಾಖ್ ಎಂಬ ಸಂಗೀತಗಾರನ ‘ಸಂತ ಯೋಹಾನನ ಪ್ಯಾಶನ್’ ಎತ್ತಿಕೊಂಡೆವು, ಯೇಸುವಿನ ಯಾತನೆ, ಸಾವಿನ ಕಥೆ. 1724ರ ಶುಭ ಶುಕ್ರವಾರ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಮೊದಲು ಹಾಡಿದ್ದು. ಅದರಲ್ಲಿ ಯೇಸುವನ್ನು ಶಿಲುಬೆಗೇರಿಸಿ ಅಂತ ಗುಂಪು ಅಬ್ಬರಿಸುತ್ತದೆ, ಆ ಗುಂಪನ್ನು ಯಹೂದಿಗಳು ಅಂತಲೇ ಕರೆದಿದೆ. ಅಬ್ಬರಿಸಬೇಕಾದವರು ನಾವು, ಕಾಯರ್. ದಂತವೈದ್ಯರು ಒಂದು ರಿಹರ್ಸಲ್ಲೂ ತಪ್ಪಿಸಲಿಲ್ಲ. ಆ ಜಾಗ ಬಂದಾಗ ಮಾತ್ರ ಪುಸ್ತಕ ಮುಚ್ಚಿ ಕೂತುಬಿಡುತ್ತಿದ್ದರು. ಮುಗಿದ ಮೇಲೆ ಎದ್ದು, ಪುಟ ಹುಡುಕಿ, ಮುಂದಿನದಕ್ಕೆ ಸೇರುತ್ತಿದ್ದರು. ಅವರ ಪಕ್ಕದ ಬೇಸ್‌ಗಳು, ಅಂದರೆ ತಗ್ಗಿನ ದನಿಯವರು, ಸ್ವಲ್ಪ ಜೋರಾಗಿ ಹಾಡಿ ಆ ಸಂದು ತುಂಬಿದರು. ದೊಡ್ಡ ಗುಂಪಿನಲ್ಲಿ ಉಸಿರನ್ನೂ ನಾವು ಹಾಗೇ ತೆಗೆದುಕೊಳ್ಳುತ್ತೇವೆ, ಒಬ್ಬರು ಬಿಟ್ಟಲ್ಲಿ ಇನ್ನೊಬ್ಬರು ಹಿಡಿದು. ನನಗೆ ಮಳೆಯಲ್ಲಿ ನಿಂತವನೇ ಕಂಡ. ಸೌಹಾರ್ದ ಸಂಜೆಯಲ್ಲಿ ಯಾರೂ ಸುಮ್ಮನಾಗುವ ಪ್ರಸಂಗವೇ ಬರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಆ ನೆರೆಮನೆಯ ಅಣ್ಣನ ಮನೆಯಲ್ಲಿ ಊಟ. ಅವನ ಅಮ್ಮನಿಗೆ ಈಗ ಎಂಬತ್ತು ದಾಟಿದೆ. 1960ರ ದಶಕದಲ್ಲಿ ರೋಮಿನಿಂದ ಅಪ್ಪಣೆ ಬಂದು ಚರ್ಚಿನ ಪೂಜೆ ಜನರ ಭಾಷೆಗೆ ತಿರುಗುವ ಮೊದಲು ಅವರು ಲ್ಯಾಟಿನ್ನಿನಲ್ಲೇ ಹಾಡಿದವರು. ಈಗ ಕಾರವಾರದಲ್ಲಿ ಕೊಂಕಣಿ, ಕನ್ನಡ. ಲ್ಯಾಟಿನ್ ಹಾಡುವವನು ಯಾರ್ಕ್‌ಶೈರ್‌ನಲ್ಲಿರುವ ನಾನು! ಒಂದು ಸಾಲು ಹಾಡಿ ತೋರಿಸಿದೆ. ‘ಇನ್ ಎಕ್‌ಟ್ಸೆಲ್ಸಿಸ್’ ಅಂದೆ. ನಮ್ಮ ಕಂಡಕ್ಟರ್ ಮೊತ್ಸಾರ್ಟ್‌ನ ಲ್ಯಾಟಿನ್ನಿಗೆ ಜರ್ಮನ್ ಉಚ್ಚಾರವೇ ಆಗಬೇಕೆನ್ನುವವರು. ಮುದುಕಿ ಸೌಟು ಎತ್ತಿ ತಡೆದರು.

“ಅದೆಂಥದು? ಎಕ್ಶೆಲ್ಸಿಸ್. ಪಾದ್ರಿ ಕಿವಿ ಹಿಂಡುತ್ತಿದ್ದರು. ಇನ್ನೊಮ್ಮೆ ಹಾಡು.”

ಹಾಡಿದೆ. ಅವರು ಮೇಲಿನ ದನಿ ಹಿಡಿದರು. ಅರವತ್ತು ವರ್ಷ ಮುಟ್ಟದಿದ್ದ ಹಾಡು, ಒಂದು ಅಕ್ಷರ ತಪ್ಪಲಿಲ್ಲ. ಮಗ ಮೇಜಿನ ಮೇಲೆ ಬೆರಳಲ್ಲಿ ತಾಳ ಹಾಕತೊಡಗಿದ, ಅದೇ ಭಜನೆಯ ತಾಳ. ಹೊಂದಲಿಲ್ಲ. ಅಮ್ಮ ಅವನ ಕೈಗೊಂದು ಏಟು ಕೊಟ್ಟು ಹಾಡು ಮುಂದುವರಿಸಿದರು.