ಹೋಗಲ್ಲ ಅಂದರೆ ಮೊದಲೇ ಹೇಳಿ, ಜಾಗ ಹಿಡಿದಿಡಬೇಡಿ

ದೊಡ್ಡ ಅಥ್ಲೀಟ್‌ಗಳು ಸಿಕ್ಕ ಪ್ರತಿಯೊಂದು ಸಣ್ಣ ಕೂಟಕ್ಕೂ ಹೋಗಲೇಬೇಕು ಎಂದು ನಾನು ಹೇಳುತ್ತಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಈ ವಿಷಯ ಎತ್ತಿದರೆ ಸಾಕು, "ಅವರ ಕಷ್ಟ ನಿಮಗೇನು ಗೊತ್ತು" ಎಂಬ ಕಾಮೆಂಟ್ ಬಂದೇ ಬರುತ್ತದೆ. ಕಷ್ಟ ಇದೆ, ಒಪ್ಪುತ್ತೇನೆ. ಒಂದು ದೇಹ ವರ್ಷಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ ಪೂರ್ತಿ ಹದಕ್ಕೆ ಬರುತ್ತದೆ. ಅದನ್ನು ಯಾವ ಕೂಟಕ್ಕೆ ಇಟ್ಟುಕೊಳ್ಳಬೇಕು ಎಂಬುದು ಅವರವರಿಗೇ ಬಿಟ್ಟಿದ್ದು.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಆಯ್ಕೆಯ ಟ್ರಯಲ್ಸ್‌ನಲ್ಲಿ ಓಡಿ, ದೇಶದ ತಂಡದಲ್ಲಿ ಜಾಗ ಪಡೆದು, "ಬರುತ್ತೇನೆ" ಎಂದು ಒಪ್ಪಿಕೊಂಡು, ಕೊನೆಗೆ ವಿಮಾನ ಹತ್ತುವ ಹೊತ್ತಿಗೆ "ಈ ಕೂಟ ನಮ್ಮ ಪ್ಲಾನಿನಲ್ಲಿಲ್ಲ" ಅನ್ನುವುದು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು, ಬಸ್ಸು ಹೊರಟ ಮೇಲೂ ಹತ್ತದೇ ಇರುವವರು ಇರುತ್ತಾರಲ್ಲ, ಹಾಗೆ. ಸೀಟು ಖಾಲಿಯೇ ಹೋಗುತ್ತದೆ. ಬೇರೆಯವರು ನಿಂತೇ ಹೋಗುತ್ತಾರೆ.

ಇದಕ್ಕೂ, ಮೊದಲೇ "ಬರಲ್ಲ" ಅನ್ನುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ 2025ರಲ್ಲೇ ನೋಡಿದೆವು. ಆ ವರ್ಷದ ಮೇ ಕೊನೆಯಲ್ಲಿ ದಕ್ಷಿಣ ಕೊರಿಯಾದ ಗುಮಿಯಲ್ಲಿ ಏಷ್ಯನ್ ಅಥ್ಲೆಟಿಕ್ಸ್ ಚಾಂಪಿಯನ್‌ಶಿಪ್ ನಡೆಯಿತು. ನೀರಜ್ ಚೋಪ್ರಾ ಹೋಗಲಿಲ್ಲ. ತಂಡ ಪ್ರಕಟವಾದಾಗಲೇ ಅವರ ಹೆಸರು ಇರಲಿಲ್ಲ. ಜಾಗ ತೆಗೆದುಕೊಂಡು ಕೈಕೊಟ್ಟಿದ್ದಲ್ಲ ಅದು. ಹಾಗಾಗಿ ಜಾವೆಲಿನ್‌ಗೆ ಸಚಿನ್ ಯಾದವ್ ಮತ್ತು ಯಶವೀರ್ ಸಿಂಗ್ ತಯಾರಾಗಿಯೇ ಹೋದರು. ಸಚಿನ್ ಅಲ್ಲಿ 85.16 ಮೀಟರ್ ಎಸೆದರು. ಅಲ್ಲಿಯವರೆಗಿನ ಅವರ ಅತ್ಯುತ್ತಮ ಎಸೆತ ಅದು. ಪಾಕಿಸ್ತಾನದ ಅರ್ಷದ್ ನದೀಮ್ ಹಿಂದೆ ಬೆಳ್ಳಿ ಸಿಕ್ಕಿತು.

ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಟೋಕಿಯೋದಲ್ಲಿ ವಿಶ್ವ ಚಾಂಪಿಯನ್‌ಶಿಪ್. ಅದೇ ಸಚಿನ್ 86.27 ಎಸೆದು ನಾಲ್ಕನೆಯವರಾದರು. ಕಂಚು ತಪ್ಪಿದ್ದು 40 ಸೆಂಟಿಮೀಟರ್‌ನಲ್ಲಿ. ಅದೇ ಫೈನಲ್‌ನಲ್ಲಿ ನೀರಜ್ ಎಂಟನೆಯವರು, ಅರ್ಷದ್ ಹತ್ತನೆಯವರು. ಗುಮಿಗೆ ಹೋಗದಿದ್ದರೆ ಸಚಿನ್ ಟೋಕಿಯೋದಲ್ಲಿ ಹೀಗೆ ಎಸೆಯುತ್ತಿರಲಿಲ್ಲ ಎಂದು ಯಾರೂ ಸಾಬೀತು ಮಾಡಲಾಗದು. ಆದರೆ ದೇಶದ ಜರ್ಸಿ ಹಾಕಿಕೊಂಡು, ಒಲಿಂಪಿಕ್ ಚಾಂಪಿಯನ್ ಅರ್ಷದ್ ಪಕ್ಕದಲ್ಲೇ ನಿಂತು ಎಸೆದ ಅನುಭವ ಸುಮ್ನೆ ಬರುವುದಿಲ್ಲ. ಆ ಅನುಭವ ಸಿಗುವುದೇ ಇಂಥ "ಸಣ್ಣ" ಕೂಟಗಳಲ್ಲಿ.

ನೀರಜ್ ಕೂಡ ಇದೇ ಮೆಟ್ಟಿಲು ಹತ್ತಿಯೇ ಬಂದವರು. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟ, 2017ರಲ್ಲಿ ಭುವನೇಶ್ವರದ ಏಷ್ಯನ್ ಚಾಂಪಿಯನ್‌ಶಿಪ್, 2018ರಲ್ಲಿ ಗೋಲ್ಡ್ ಕೋಸ್ಟ್‌ನ ಕಾಮನ್‌ವೆಲ್ತ್, ಆಮೇಲೆ ಜಕಾರ್ತಾದ ಏಷ್ಯನ್ ಗೇಮ್ಸ್. ಭುವನೇಶ್ವರದಲ್ಲಿ 85.23 ಎಸೆದು ಗೆದ್ದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಹತ್ತಿ ಹೋದವರಿಗೆ ಆ ಮೆಟ್ಟಿಲು ಸಣ್ಣದಾಗಿ ಕಾಣಿಸಬಹುದು. ಕೆಳಗೆ ನಿಂತವರಿಗೆ ಅದೇ ದೊಡ್ಡದು. ಒಂದು ಏಷ್ಯನ್ ಪದಕದಿಂದ ರೈಲ್ವೆಯಲ್ಲೋ ಸೇನೆಯಲ್ಲೋ ಕೆಲಸ ಸಿಗಬಹುದು, ಬಡ್ತಿ ಸಿಗಬಹುದು, ಮನೆ ಸಾಲ ತೀರಬಹುದು.

ಸ್ಟೀಪಲ್‌ಚೇಸ್ (ಅಡೆತಡೆ ಹಾರಿ ಓಡುವ ಓಟ) ಓಟಗಾರ ಅವಿನಾಶ್ ಸಾಬ್ಳೆ ಕೂಡ 2023ರಲ್ಲಿ ನೀರಜ್ ಹಾಗೆ ಮೊದಲೇ "ಬರಲ್ಲ" ಅಂದವರು. ವಿಶ್ವ ಚಾಂಪಿಯನ್‌ಶಿಪ್‌ಗೆ ತಯಾರಾಗಬೇಕು ಎಂದು ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಶಿಪ್ ಬೇಡ ಅಂದರು. ಬುಡಾಪೆಸ್ಟ್‌ನ ಆ ವಿಶ್ವ ಕೂಟದಲ್ಲಿ ಹೀಟ್ಸ್‌ನಲ್ಲೇ, ಅಂದರೆ ಮೊದಲ ಸುತ್ತಿನಲ್ಲೇ ಹೊರಬಿದ್ದರು, ಅದು ಬೇರೆ ಮಾತು. ಲೆಕ್ಕ ತಪ್ಪಿರಬಹುದು, ನಡತೆ ತಪ್ಪಲಿಲ್ಲ. 2025ರಲ್ಲಿ ಗುಮಿಗೆ ಹೋದರು, ಸ್ಟೀಪಲ್‌ಚೇಸ್ ಚಿನ್ನ ತಂದರು.

ಈಗ ಅಮೆರಿಕದ ಕಡೆ ನೋಡಿ. ವಿಶ್ವ ಇಂಡೋರ್ (ಒಳಾಂಗಣ) ಚಾಂಪಿಯನ್‌ಶಿಪ್‌ಗೆ ಒಂದು ದೇಶದಿಂದ ಒಂದು ಸ್ಪರ್ಧೆಗೆ ಸಾಮಾನ್ಯವಾಗಿ ಇಬ್ಬರೇ. ಅಮೆರಿಕದಲ್ಲಿ ಓಟಗಾರರಿಗೆ ಬರವಿಲ್ಲ. ಅಲ್ಲಿ ಮೂರನೆಯವನಾದವನು ಬೇರೆ ದೇಶದಲ್ಲಿ ಹುಟ್ಟಿದ್ದರೆ ರಾಷ್ಟ್ರೀಯ ದಾಖಲೆ ಅವನ ಹೆಸರಲ್ಲೇ ಇರುತ್ತಿತ್ತು. 2025ರಲ್ಲಿ ಅವರ ಇಂಡೋರ್ ರಾಷ್ಟ್ರೀಯ ಕೂಟ ನಡೆದದ್ದು ಫೆಬ್ರವರಿ 22 ಮತ್ತು 23ರಂದು, ನ್ಯೂಯಾರ್ಕ್‌ನ ಸ್ಟೇಟನ್ ಐಲೆಂಡ್‌ನಲ್ಲಿ. ವಿಶ್ವ ಕೂಟ ಮಾರ್ಚ್ 21ರಿಂದ, ಚೀನಾದ ನಾನ್‌ಜಿಂಗ್‌ನಲ್ಲಿ. ನಡುವೆ ಒಂದು ತಿಂಗಳೂ ಇಲ್ಲ. ಅಷ್ಟರಲ್ಲಿ ಗೆದ್ದವನು "ಹೋಗುತ್ತೇನೆ, ಇಲ್ಲ, ನೋಡೋಣ" ಅಂತ ದಿನ ದೂಡಿದರೆ, ಅವನ ಹಿಂದಿದ್ದವನು ಏನು ಮಾಡಬೇಕು? ತರಬೇತಿ ಮುಂದುವರಿಸಬೇಕೋ, ವಿಶ್ರಾಂತಿ ತೆಗೆದುಕೊಂಡು ಬೇಸಿಗೆಗೆ ಹೊಸದಾಗಿ ಶುರು ಮಾಡಬೇಕೋ? ಮೇಲಿನವರು ಬೇಡ ಅಂದಮೇಲೆ ಮೂರನೆಯವರು, ನಾಲ್ಕನೆಯವರು ತಂಡಕ್ಕೆ ಬರುವುದು ಅಲ್ಲಿ ಹೊಸದೇನಲ್ಲ. ಕರೆ ಯಾವಾಗ ಬರುತ್ತದೆ ಎಂಬುದರ ಮೇಲೆ ಎಲ್ಲ ನಿಂತಿದೆ.

ದುಡ್ಡಿನ ಮಾತೂ ಇದೆ, ಮುಚ್ಚಿಡುವುದು ಯಾಕೆ? ನಾನ್‌ಜಿಂಗ್‌ನಲ್ಲಿ ಚಿನ್ನ ಗೆದ್ದರೆ 40,000 ಡಾಲರ್. ಅದಾಗಿ ಎರಡು ವಾರಕ್ಕೆ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಗ್ರ್ಯಾಂಡ್ ಸ್ಲಾಮ್ ಟ್ರ್ಯಾಕ್ ಎಂಬ ಹೊಸ ಲೀಗ್ ಶುರುವಾಯಿತು. ಅಲ್ಲಿ ಗೆದ್ದವರಿಗೆ 1 ಲಕ್ಷ ಡಾಲರ್ ಎಂದು ಹೇಳಿದ್ದರು. ಓಟಗಾರರ ದುಡಿಯುವ ವಯಸ್ಸು ಎಷ್ಟು ವರ್ಷ? ಅವರು ಹೆಚ್ಚು ದುಡ್ಡಿನ ಕಡೆ ಹೋದರೆ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆ ಲೀಗ್ ಮುಂದೆ ಹಣದ ತೊಂದರೆಗೆ ಸಿಕ್ಕಿ, ಲಾಸ್ ಏಂಜಲಿಸ್‌ನ ಕೂಟ ರದ್ದಾಗಿ, ಓಟಗಾರರ ಬಾಕಿ ಉಳಿಸಿಕೊಂಡಿತು. ಪಾಪ, ಓಟಗಾರರನ್ನು ಇದಕ್ಕೆ ದೂರುವುದಿಲ್ಲ. ಆದರೆ ಜನವರಿಯಲ್ಲೇ ಕಿಂಗ್‌ಸ್ಟನ್‌ಗೆ ಒಪ್ಪಿಕೊಂಡು ಆಗಿದ್ದರೆ, ಫೆಬ್ರವರಿಯಲ್ಲಿ ನಾನ್‌ಜಿಂಗ್‌ಗೂ ಹೂಂ ಅಂದು ಜಾಗ ಹಿಡಿದುಕೊಂಡಿರುವುದು ಯಾಕೆ?

ಒಂದೇ ತಿಂಗಳಲ್ಲಿ ಎರಡು ಕೂಟ ಓಡಿದವರೂ ಇದ್ದಾರೆ. ನಾರ್ವೆಯ ಯಾಕೋಬ್ ಇಂಗೆಬ್ರಿಗ್ಟ್‌ಸೆನ್ ಆ ಮಾರ್ಚ್‌ನಲ್ಲಿ ಮೊದಲು ಯುರೋಪಿಯನ್ ಇಂಡೋರ್‌ನಲ್ಲಿ 1500, 3000 ಎರಡೂ ಗೆದ್ದರು. ಎರಡು ವಾರದಲ್ಲಿ ನಾನ್‌ಜಿಂಗ್‌ನಲ್ಲೂ ಎರಡೂ ಗೆದ್ದರು. ಅವರನ್ನು ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಆದರೆ ಆಮೇಲೆ ಹಿಮ್ಮಡಿಯ ಸ್ನಾಯುರಜ್ಜುವಿನ (ಅಕಿಲಿಸ್) ನೋವು ಬಂದು ಬೇಸಿಗೆ ಪೂರ್ತಿ ಹೋಯಿತು. ಟೋಕಿಯೋದಲ್ಲಿ 1500ರ ಹೀಟ್ಸ್ ಕೂಡ ದಾಟಲಿಲ್ಲ. ಇಂಡೋರ್ ಓಡಿದ್ದರಿಂದಲೇ ಹಾಗಾಯಿತು ಎಂದು ನಾನು ಹೇಳಲಾರೆ. ಸಾಬ್ಳೆಯ ಮಂಡಿ ಹೋದದ್ದು ಮೊನಾಕೋದ ಡೈಮಂಡ್ ಲೀಗ್‌ನಲ್ಲಿ, ಸಣ್ಣ ಕೂಟದಲ್ಲಿ ಅಲ್ಲ. ಆದರೂ ಹೋಗದೇ ಇರುವ ಹಕ್ಕು ಅಥ್ಲೀಟ್‌ಗೆ ಇರಬೇಕು ಅನ್ನುವುದಕ್ಕೆ ಇಂಗೆಬ್ರಿಗ್ಟ್‌ಸೆನ್ ಕಥೆಯೇ ಸಾಕು.

ಈ ವಿಷಯ ನನ್ನನ್ನು ಯಾಕೆ ಇಷ್ಟು ಕಾಡುತ್ತದೆ ಎಂದೂ ಹೇಳುತ್ತೇನೆ. ಕಾಲೇಜಿನಲ್ಲಿ ನಾನು 400 ಮೀಟರ್ ಓಡುತ್ತಿದ್ದೆ. ದೊಡ್ಡ ಮಟ್ಟದ ಓಟಗಾರನೇನಲ್ಲ. ನನ್ನ ಜೊತೆ ಓಡುತ್ತಿದ್ದ ಗೆಳೆಯ ಚೆನ್ನಾಗಿ ಓಡುತ್ತಿದ್ದ. ಯೂನಿವರ್ಸಿಟಿ ತಂಡಕ್ಕೆ ಇಬ್ಬರೇ, ಇವನು ಮೂರನೆಯವನು. ಕೂದಲೆಳೆಯ ಅಂತರ. ಎರಡನೆಯವನು ನಮ್ಮೆಲ್ಲರಿಗಿಂತ ಹೆಸರು ಮಾಡಿದವನು, ಟ್ರ್ಯಾಕ್‌ಸೂಟ್ ಕೂಡ ಇಸ್ಕೊಂಡಿದ್ದ. ರೈಲು ಹೊರಡುವ ದಿನ ಸ್ಟೇಷನ್ನಿಗೆ ಬರಲಿಲ್ಲ. ಅದೇ ವಾರ ಬೇರೆ ಊರಿನಲ್ಲಿ ದುಡ್ಡಿನ ಓಟ ಇತ್ತು, ಅಲ್ಲಿಗೆ ಹೋಗಿದ್ದ. ನನ್ನ ಗೆಳೆಯ ಅಷ್ಟರಲ್ಲಿ ಊರಿಗೆ ಹೋಗಿ ಕೊಯ್ಲಿಗೆ ನಿಂತಿದ್ದ. ಅವನನ್ನು ಕರೆಸಲು ಹೊತ್ತೇ ಇರಲಿಲ್ಲ. ಆ ವರ್ಷವೇ ಅವನ ಕೊನೆಯ ವರ್ಷ. ಅವನು ಗೆಲ್ಲುತ್ತಿದ್ದ ಎಂದು ನಾನು ಹೇಳುವುದಿಲ್ಲ. ಹೀಟ್ಸ್ ಓಡುತ್ತಿದ್ದ. ಅವನಿಗೆ ಅಷ್ಟೇ ಬೇಕಿತ್ತು.

ಒಂದು ಜಾಗದ ಬೆಲೆ ಏನು ಅಂತ ತಿಳಿಯಬೇಕಾದರೆ 2022ರ ಹೈಜಂಪ್ ಆಟಗಾರ ತೇಜಸ್ವಿನ್ ಶಂಕರ್ ವಿಷಯ ನೆನಪು ಮಾಡಿಕೊಳ್ಳಿ. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ಗೆ ಭಾರತದ ಅಥ್ಲೆಟಿಕ್ಸ್‌ಗೆ ಸಿಕ್ಕಿದ್ದ ಕೋಟಾ 36. ತೇಜಸ್ವಿನ್ ಅಮೆರಿಕದಲ್ಲಿ ಓದುತ್ತಿದ್ದರು. ಅಲ್ಲಿನ ಕಾಲೇಜು ಚಾಂಪಿಯನ್‌ಶಿಪ್‌ನಲ್ಲಿ 2.27 ಮೀಟರ್ ಜಿಗಿದು, ಬೇಕಾದ ಎತ್ತರ ಮುಟ್ಟಿದ್ದರು. ಆದರೆ ಚೆನ್ನೈನ ಅಂತರರಾಜ್ಯ ಕೂಟಕ್ಕೆ ಬರಲಿಲ್ಲ ಎಂದು ಭಾರತದ ಅಥ್ಲೆಟಿಕ್ಸ್ ಫೆಡರೇಶನ್ ಅವರನ್ನು ಬಿಟ್ಟಿತು. ಅವರು ದೆಹಲಿ ಹೈಕೋರ್ಟ್‌ಗೆ ಹೋದರು. ಕೊನೆಗೆ ತಂಡದಲ್ಲಿ ಜಾಗ ಮಾಡಿದರು. ಅಷ್ಟಾದ ಮೇಲೆ ಹೆಸರು ತಡವಾಗಿ ಬಂತು ಎಂದು ಸಂಘಟಕರು ಮೊದಲು ಒಪ್ಪಲೇ ಇಲ್ಲ. ಆಮೇಲೆ ಒಪ್ಪಿದರು. ಕೊನೇ ಗಳಿಗೆಯಲ್ಲಿ ಹೋಗಿ, 2.22 ಜಿಗಿದು ಕಂಚು ತಂದರು. ಕಾಮನ್‌ವೆಲ್ತ್ ಹೈಜಂಪ್‌ನಲ್ಲಿ ಭಾರತಕ್ಕೆ ಅದು ಮೊದಲ ಪದಕ. ಒಬ್ಬರು ಕೋರ್ಟ್ ಮೆಟ್ಟಿಲು ಹತ್ತಿ ಪಡೆದ ಜಾಗವನ್ನು ಇನ್ನೊಬ್ಬರು "ಈ ಸಲ ಮೂಡ್ ಇಲ್ಲ" ಎಂದು ಖಾಲಿ ಬಿಡುವುದನ್ನು ಯೋಚಿಸಿ ನೋಡಿ.

ಗಾಯದ ಮಾತು ಇದರಲ್ಲಿ ಸೇರಿಸಬೇಡಿ. ಅದೇ ಬರ್ಮಿಂಗ್‌ಹ್ಯಾಮ್‌ಗೆ ನೀರಜ್ ಕೊನೆಗೆ ಹೋಗಲಾಗಲಿಲ್ಲ. ಯೂಜೀನ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 88.13 ಎಸೆದು ಬೆಳ್ಳಿ ಗೆಲ್ಲುವಾಗ ತೊಡೆಸಂದಿಗೆ ನೋವಾಗಿತ್ತು. ಧ್ವಜ ಹಿಡಿಯಬೇಕಿದ್ದವರು ಅವರೇ. ಹೋಗಬೇಕು ಅನ್ನುವ ಆಸೆ ಎಷ್ಟಿತ್ತು ಎಂದು ಎಲ್ಲರಿಗೂ ಗೊತ್ತು. ಅಲ್ಲಿ ಜಾವೆಲಿನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಡಿ.ಪಿ. ಮನು ಐದನೆಯವರಾದರು, 82.28 ಮೀಟರ್. ಮರುವರ್ಷ ಬ್ಯಾಂಕಾಕ್‌ನ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ, ನೀರಜ್ ಇಲ್ಲದ ಕೂಟದಲ್ಲಿ, ಬೆಳ್ಳಿ ಗೆದ್ದರು. ಆಮೇಲಿನ ಡೋಪಿಂಗ್ ನಿಷೇಧ ನನಗೆ ತುಂಬ ಬೇಸರ ತಂದ ವಿಷಯ, ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.

ನಿಯಮ ಇಲ್ಲ ಅಂತಲ್ಲ. ಒಂದು ಕೂಟದ ಒಳಗೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಬಹಳ ಬಿಗಿಯಾಗಿದೆ. ಓಡುತ್ತೇನೆ ಎಂದು ಅಂತಿಮವಾಗಿ ಖಚಿತಪಡಿಸಿ, ಸರಿಯಾದ ಕಾರಣವಿಲ್ಲದೆ ಬಾರದಿದ್ದರೆ ಆ ಕೂಟದ ಉಳಿದ ಸ್ಪರ್ಧೆಗಳಿಂದಲೂ ಹೊರಗೆ, ರಿಲೇ ಸೇರಿ. ಮನಸ್ಸಿಟ್ಟು ಓಡದಿದ್ದರೂ ಹಾಗೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಲ್ಜೀರಿಯಾದ ತೌಫಿಕ್ ಮಖ್ಲೂಫಿ 800 ಮೀಟರ್ ಹೀಟ್ಸ್‌ನಲ್ಲಿ ಸ್ವಲ್ಪ ದೂರ ಓಡಿ ನಿಂತುಬಿಟ್ಟರು. ಪ್ರಯತ್ನವೇ ಮಾಡಲಿಲ್ಲ ಎಂದು ಅವರನ್ನು ಕೂಟದಿಂದಲೇ ತೆಗೆದರು. ವೈದ್ಯರ ಪತ್ರ ತೋರಿಸಿದ ಮೇಲೆ ವಾಪಸ್ ಸೇರಿಸಿಕೊಂಡರು. ಮರುದಿನ 1500ರಲ್ಲಿ ಚಿನ್ನ ಗೆದ್ದರು! ಅಂದರೆ ಕೂಟಕ್ಕೆ ಬಂದವರು ಹೀಗೆ ಮಾಡಿದರೆ ಕೇಳುವವರಿದ್ದಾರೆ. ವಿಮಾನವನ್ನೇ ಹತ್ತದವರನ್ನು ಕೇಳುವವರು ಯಾರು?

ರಿಲೇಯಲ್ಲಂತೂ ಒಬ್ಬರು ಬಾರದಿದ್ದರೆ ಉಳಿದ ಮೂವರ ಶ್ರಮವೂ ನೀರುಪಾಲು. 2024ರ ಮೇ ತಿಂಗಳಲ್ಲಿ ಬಹಾಮಾಸ್‌ನಲ್ಲಿ ವಿಶ್ವ ರಿಲೇ ನಡೆಯಿತು. ಅಂಥದೊಂದು ಕೂಟ ಇದೆ ಅಂತಲೇ ನಮ್ಮಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಮೊದಲ ದಿನ ಪುರುಷರ 4x400ರಲ್ಲಿ ರಾಜೇಶ್ ರಮೇಶ್‌ಗೆ ಸ್ನಾಯು ಹಿಡಿದು ನಡುವೆಯೇ ನಿಲ್ಲಬೇಕಾಯಿತು. ಮರುದಿನ ಅವರ ಬದಲು ಆರೋಕ್ಯ ರಾಜೀವ್ ಓಡಿದರು. ತಂಡ 3 ನಿಮಿಷ 3.23 ಸೆಕೆಂಡ್‌ನಲ್ಲಿ ಮುಗಿಸಿ ಪ್ಯಾರಿಸ್ ಒಲಿಂಪಿಕ್ಸ್ ಟಿಕೆಟ್ ಪಡೆಯಿತು. ಅದೇ ದಿನ ಮಹಿಳೆಯರ ತಂಡವೂ ಪಡೆಯಿತು, ಅದರಲ್ಲಿ ನಮ್ಮ ಎಂ.ಆರ್. ಪೂವಮ್ಮ ಇದ್ದರು. ಎಷ್ಟೋ ವರ್ಷದಿಂದ ಎಷ್ಟೋ ಕೂಟ ನೋಡಿದವರು, ಯಾವುದೂ ಸಣ್ಣದು ಅನ್ನದೆ ಓಡಿದವರು. ಅವರ ಬಗ್ಗೆ ನಮ್ಮ ಪತ್ರಿಕೆಗಳು ಇನ್ನೂ ಜಾಸ್ತಿ ಬರೆಯಬೇಕಿತ್ತು. ರಾಜೀವ್ ಆ ದಿನ ಅಲ್ಲೇ, ತಯಾರಾಗಿ ಇದ್ದದ್ದರಿಂದ ಉಳಿದ ಮೂವರ ಒಲಿಂಪಿಕ್ಸ್ ಉಳಿಯಿತು, ಅಲ್ವಾ?

ಹಾಗಾಗಿ ಫೆಡರೇಶನ್‌ನವರಿಗೆ ನನ್ನ ಬೇಡಿಕೆ ಇದು. ಟ್ರಯಲ್ಸ್ ಮುಗಿದ ಮೇಲೆ ಒಂದು ದಿನ ಗೊತ್ತು ಮಾಡಿ. ಅಷ್ಟರೊಳಗೆ ಹೌದು ಅಥವಾ ಇಲ್ಲ ಎಂದು ಬರವಣಿಗೆಯಲ್ಲಿ ಕೊಡಲಿ. "ಇಲ್ಲ" ಅಂದವರ ಮೇಲೆ ಯಾವ ಮುನಿಸೂ ಬೇಡ, ಮುಂದಿನ ಆಯ್ಕೆಯಲ್ಲಿ ಅದನ್ನು ಹಿಡಿದು ಕಾಡುವುದೂ ಬೇಡ. ಮುನಿಸಿಗೆ ಹೆದರಿಯೇ ಎಷ್ಟೋ ಜನ ಮೊದಲು ಹೂಂ ಅಂದು ಆಮೇಲೆ ಜಾರಿಕೊಳ್ಳುತ್ತಾರೆ, ಈ ತಪ್ಪಿನಲ್ಲಿ ಫೆಡರೇಶನ್‌ಗಳ ಪಾಲೂ ಇದೆ. ಹೌದು ಅಂದವರು ಮಾತ್ರ ಗಾಯವಾದರೆ ತಂಡದ ವೈದ್ಯರ ಹತ್ತಿರ ತೋರಿಸಲಿ. ಗಾಯವೂ ಇಲ್ಲದೆ, ಮನೆಯ ಕಷ್ಟವೂ ಇಲ್ಲದೆ ಕೈಕೊಟ್ಟರೆ ಅಂಥದೇ ಮುಂದಿನ ಕೂಟದ ಜಾಗ ಮೂರನೆಯವರಿಗೆ ಹೋಗಲಿ. ಆ ಮೂರನೆಯವರನ್ನೂ ಮೊದಲಿನಿಂದಲೇ ಕ್ಯಾಂಪಿನಲ್ಲಿ ಇಟ್ಟುಕೊಳ್ಳಿ. ಖರ್ಚು ಆಗುತ್ತದೆ, ನಿಜ. ಅಧಿಕಾರಿಗಳ ಸಂಖ್ಯೆ ಒಂದೆರಡು ಕಡಿಮೆ ಮಾಡಿದರೆ ಆ ಖರ್ಚು ಹೊಂದುತ್ತದೆ.

2026ರ ಕ್ಯಾಲೆಂಡರ್ ತೆಗೆದು ನೋಡಿ, ಇದು ಯಾಕೆ ತುರ್ತು ಅಂತ ಕಾಣುತ್ತದೆ. ಜುಲೈ 23ರಿಂದ ಆಗಸ್ಟ್ 2ರವರೆಗೆ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್. ಸೆಪ್ಟೆಂಬರ್ 11ರಿಂದ 13 ಬುಡಾಪೆಸ್ಟ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ಹೊಸ ಕೂಟ ಅಲ್ಟಿಮೇಟ್ ಚಾಂಪಿಯನ್‌ಶಿಪ್, ಗೆದ್ದವರಿಗೆ 1.5 ಲಕ್ಷ ಡಾಲರ್. ಸೆಪ್ಟೆಂಬರ್ 19ರಿಂದ ಜಪಾನ್‌ನ ಐಚಿ-ನಗೋಯಾದಲ್ಲಿ ಏಷ್ಯನ್ ಗೇಮ್ಸ್. ಮೂರಕ್ಕೂ ಒಬ್ಬನೇ ಮನುಷ್ಯ ಪೂರ್ತಿ ಹದದಲ್ಲಿ ಹೋಗುವುದು ಕಷ್ಟ. ಕಾಮನ್‌ವೆಲ್ತ್‌ನಲ್ಲಿ ಸಂಘಟಕರು ಬಹುಮಾನದ ಹಣ ಕೊಡುವುದಿಲ್ಲ, ಹಾಗಾಗಿ ಮೊದಲು ಬಿಟ್ಟುಹೋಗುವುದು ಅದೇ. ನಮ್ಮ ದೊಡ್ಡ ಹೆಸರುಗಳಲ್ಲಿ ಯಾರಾದರೂ ಗ್ಲಾಸ್ಗೋ ಬಿಟ್ಟು ನಗೋಯಾಗೆ ಮಾತ್ರ ಹೋಗುತ್ತೇವೆ ಎಂದು ತೀರ್ಮಾನಿಸಿದರೆ ನಾನು ಒಂದು ಮಾತೂ ಆಡುವುದಿಲ್ಲ. ಅದನ್ನು ತಂಡದ ಪಟ್ಟಿ ಹೊರಬರುವ ಮುಂಚೆ ಹೇಳಲಿ. ಮೂರನೆಯವರಿಗೆ ಬ್ರಿಟನ್ ವೀಸಾ ಆಗಲು ವಾರಗಟ್ಟಲೆ ಬೇಕು.